ಹಳೆ ಎಲೆಕ್ಟ್ರಿಕ್ ಗಿಟಾರ್‌ಗೆ ಅರಗಿನ ಪಾಲಿಶ್: ಶಹಾಪುರದ ಮಿಸ್ತ್ರಿ ಅಂಗಡಿಯಲ್ಲಿ ನಾಲ್ಕು ತಿಂಗಳು

ಬೆಳಗಾವಿಯಲ್ಲಿ ಹಳೆ ಎಲೆಕ್ಟ್ರಿಕ್ ಗಿಟಾರ್‌ನ ಬಣ್ಣ ಕೆರೆದು ಹೊಸದಾಗಿ ಪಾಲಿಶ್ ಮಾಡೋರು ಯಾರಾದರೂ ಇದ್ದಾರಾ ಅಂತ ನಾನು ಸುಮಾರು ಒಂದು ವರ್ಷ ಕೇಳಿಕೊಂಡು ತಿರುಗಿದ್ದೇನೆ. ಪುಣೆಗೆ ಕಳಿಸಿ ಅಂದರು, ಗೋವಾದಲ್ಲಿ ಯಾರೋ ಇದ್ದಾರೆ ಅಂದರು. ಕೊನೆಗೆ ಕೆಲಸ ಆಗಿದ್ದು ನಮ್ಮ ಬೆಳಗಾವಿಯದೇ ಭಾಗವಾದ ಶಹಾಪುರದ ಒಂದು ಗಲ್ಲಿಯಲ್ಲಿ, ಮಂಚ, ಕಪಾಟು, ಜೋಕಾಲಿ ಹಲಗೆಗಳಿಗೆ ಪಾಲಿಶ್ ಹೊಡೆಯುವ ಅಂಗಡಿಯಲ್ಲಿ. ಅಂಗಡಿಗೆ ಬೋರ್ಡ್ ಇಲ್ಲ. ಮಿಸ್ತ್ರಿ ತಮ್ಮ ಹೆಸರು ಎಲ್ಲೂ ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಆ ಕಡೆಯ ಯಾವ ಬಡಗಿಯನ್ನು ಕೇಳಿದರೂ "ಅರಗಿನ ಪಾಲಿಶ್ ಮಾಡ್ತಾರಲ್ಲ, ಅವರಾ" ಅಂತ ದಾರಿ ತೋರಿಸುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾಯಿತು. ಆದರೆ ಗಿಟಾರ್ ಕೊಟ್ಟು ವಾರ ಬಿಟ್ಟು ತೆಗೆದುಕೊಂಡು ಹೋಗುವ ಜಾಗ ಇದಲ್ಲ. ಅಲ್ಲಿ ನೀವೇ ಕೂತು ತಿಕ್ಕಬೇಕು.

ಗಿಟಾರ್ ನಮ್ಮ ಕಾಕಾನದು. 1984ರಲ್ಲಿ ಇಲ್ಲಿನ ಕ್ಯಾಂಪ್ (ದಂಡು ಪ್ರದೇಶ) ಕಡೆಯ ಒಬ್ಬ ಬ್ಯಾಂಡಿನವರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕೋಲ್ಕತ್ತಾದಲ್ಲಿ ಮಾಡಿದ್ದು, ಎರಡು ಕೊಂಬಿನ ಸ್ಟ್ರಾಟೋಕಾಸ್ಟರ್ ಆಕಾರ, ಮೂರು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ). ಕಾಕಾ ಮದುವೆ ಆರ್ಕೆಸ್ಟ್ರಾಗಳಲ್ಲಿ ಹನ್ನೊಂದು ವರ್ಷ ಬಾರಿಸಿದರು, ಖಾನಾಪುರದಿಂದ ಗೋಕಾಕದವರೆಗೆ. ಆಮೇಲೆ ಅದು ಅಟ್ಟ ಸೇರಿತು. ನಾನು ಇಳಿಸಿದಾಗ ಮೈತುಂಬ ಕಪ್ಪು ಬಣ್ಣ, ಅದೂ ಬ್ರಷ್‌ನಲ್ಲಿ ಬಳಿದ ಗೇಟಿನ ಬಣ್ಣದ ಹಾಗೆ ದಪ್ಪ, ಅಂಚುಗಳಲ್ಲಿ ಇಳಿದು ಗಟ್ಟಿಯಾದ ಹನಿಗಳು. ಬಲಗೈ ಒರಗುವ ಜಾಗದಲ್ಲಿ ಮಾತ್ರ ಕಪ್ಪು ಸವೆದು ಒಳಗಿನಿಂದ ಏನೋ ಬೇರೆ ಬಣ್ಣ ಇಣುಕುತ್ತಿತ್ತು.

ಶಹಾಪುರಕ್ಕೆ ಹೋಗುವ ಮೊದಲು ಬೇರೆ ಒಂದು ಕಡೆ ತೋರಿಸಿದ್ದೆ. ಅವರು ನೋಡಿದ ಕೂಡಲೇ "ಎರಡು ದಿನ ಸಾಕು" ಅಂದರು. ಮಷೀನ್ ಹಚ್ಚಿ ಉಜ್ಜಿ ಮೇಲೆ ಸ್ಪ್ರೇ ಹೊಡೆದು ಕೊಡುತ್ತಾರಂತೆ. ಒಂದು ಮೂಲೆ ಉಜ್ಜಿ ತೋರಿಸುತ್ತೇನೆ ಅಂತ ಸ್ಯಾಂಡರ್ ಹಚ್ಚಿದ್ದೇ ತಡ, ಕೆಳಗಿನ ಕೊಂಬಿನ ಅಂಚು ಅರ್ಧ ನಿಮಿಷದಲ್ಲಿ ಚಪ್ಪಟೆಯಾಯಿತು. ಬೇಡ ಅಂತ ಎತ್ತಿಕೊಂಡು ಬಂದೆ. ಆ ಚಪ್ಪಟೆ ಗುರುತು ಇವತ್ತಿಗೂ ಇದೆ. ಕೈ ಇಟ್ಟರೆ ತಿಳಿಯುತ್ತದೆ, ಬೇಜಾರಾಗುತ್ತದೆ.

ಶಹಾಪುರದ ಮಿಸ್ತ್ರಿ ಮಾಡಿದ ಮೊದಲ ಕೆಲಸ ಗಿಟಾರ್‌ನ್ನು ಮೂಸಿ ನೋಡಿದ್ದು. ಆಮೇಲೆ ಬೆನ್ನಿನ ಮೇಲೆ ಉಗುರಿನಿಂದ ಒತ್ತಿದರು. ಅವರು ಹುಡುಗರಾಗಿದ್ದಾಗ ಕೆಲವು ವರ್ಷ ಮಿರಜ್‌ನಲ್ಲಿ ತಂಬೂರಿ ಪಾಲಿಶ್ ಮಾಡಿದವರು. ಅದೇ ಮಿರಜ್, 2024ರಲ್ಲಿ ಅಲ್ಲಿನ ಸಿತಾರ್ ಮತ್ತು ತಂಬೂರಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತಲ್ಲ. ಹಾಗಾಗಿ ತಂತಿವಾದ್ಯ ಅಂದರೆ ಅವರಿಗೆ ಕಪಾಟಿನ ಹಾಗಲ್ಲ. ಗಿಟಾರ್ ತಿರುಗಿಸಿ ತಿರುಗಿಸಿ ನೋಡಿ ಹೇಳಿದರು: "ನಾ ಮಾಡಿಕೊಡೂದಿಲ್ರಿ. ನನಗ ಅಷ್ಟು ಟೈಮ್ ಇಲ್ಲ. ನೀವ ಮಾಡ್ರಿ, ನಾ ತೋರಸ್ತೀನಿ. ರವಿವಾರ ಬರ್ರಿ." ಆರು ರವಿವಾರಕ್ಕೆ 3,500 ರೂಪಾಯಿ ಅಂತ ಮಾತಾಯಿತು, ಸಾಮಾನು ನಮ್ಮದೇ. ನಡುವಿನ ದಿನಗಳಲ್ಲಿ ಮನೆಯಲ್ಲಿ ಮಾಡುವ ಕೆಲಸ ಹೇಳಿ ಕಳಿಸುತ್ತಿದ್ದರು, ಮುಂದಿನ ವಾರ ಬಂದಾಗ ಬೆರಳಿನಿಂದ ಸವರಿ ನೋಡುತ್ತಿದ್ದರು. ಸರಿ ಇಲ್ಲ ಅಂದರೆ ಮತ್ತೆ ಅದೇ ಕೆಲಸ.

ಬಿಚ್ಚುವುದನ್ನು ಮಾತ್ರ ನಾನೇ ಮನೆಯಲ್ಲಿ ಮಾಡಿಕೊಂಡು ಹೋಗಿದ್ದೆ. ಮಾಡುವವರು ಇಷ್ಟು ನೆನಪಿಟ್ಟುಕೊಳ್ಳಿ. ತಂತಿಗಳನ್ನು ಒಮ್ಮೆಲೇ ಕತ್ತರಿಸಬೇಡಿ, ಮೊದಲು ಸಡಿಲ ಮಾಡಿ. ಪಿಕ್‌ಗಾರ್ಡ್ (ಮುಂದಿನ ಪ್ಲಾಸ್ಟಿಕ್ ತಗಡು) ಎತ್ತಿದ ಕೂಡಲೇ ವೈರಿಂಗ್‌ನ ಫೋಟೋ ನಾಲ್ಕು ಕಡೆಯಿಂದ ತೆಗೆದುಕೊಳ್ಳಿ. ಹಿಂದೆ ಸ್ಪ್ರಿಂಗ್ ಇರುವ ಗೂಡಿನಲ್ಲಿ ಒಂದು ಅರ್ತ್ ವೈರ್ ಬೆಸುಗೆ ಹಾಕಿರುತ್ತಾರೆ, ಅದನ್ನು ಮರೆತು ಎಳೆದರೆ ಕಿತ್ತು ಬರುತ್ತದೆ. ನೆಕ್ (ಬೆರಳು ಆಡಿಸುವ ಉದ್ದನೆ ಕತ್ತು) ಹಿಡಿದಿಡುವ ನಾಲ್ಕು ಸ್ಕ್ರೂ ಬೇರೆ ಪೊಟ್ಟಣ, ತಂತಿ ಕೂರುವ ಬ್ರಿಡ್ಜಿನದು ಬೇರೆ ಪೊಟ್ಟಣ, ಮೇಲೆ ಹೆಸರು ಬರೆದಿಡಿ. ನೆಕ್ ಚೆನ್ನಾಗಿಯೇ ಇತ್ತು, ಅದನ್ನು ನಾವು ಮುಟ್ಟಲಿಲ್ಲ.

ಮೊದಲ ರವಿವಾರ ಬಣ್ಣ ಯಾವುದು ಅಂತ ಪತ್ತೆ ಹಚ್ಚಿದ್ದು. ನೆಕ್ ಕೂರುವ ಗುಂಡಿ ಇದೆಯಲ್ಲ, ಅಲ್ಲಿ ಕಪ್ಪು ಇರಲಿಲ್ಲ, ಒಳಗಿನ ಹಳೆ ಬಣ್ಣ ಹಾಗೇ ಉಳಿದಿತ್ತು, ಆದರೆ ಮಣ್ಣು ಹಿಡಿದು ಕಂದಾಗಿತ್ತು. ಹತ್ತಿಯನ್ನು ಥಿನ್ನರ್‌ನಲ್ಲಿ ಅದ್ದಿ ಅಲ್ಲಿ ಒಂದು ನಿಮಿಷ ಒತ್ತಿ ಹಿಡಿದರು. ತೆಗೆದಾಗ ಹತ್ತಿ ಕುಂಕುಮದ ಹಾಗೆ ಕೆಂಪು. ಕಾಕಾಗೂ ಇದು ಗೊತ್ತಿರಲಿಲ್ಲ, ಅವರ ಕೈಗೆ ಬಂದಾಗಲೇ ಗಿಟಾರ್ ಕಪ್ಪಾಗಿತ್ತು. "ಇದು ಡುಕೋ" ಅಂದರು ಮಿಸ್ತ್ರಿ. ಥಿನ್ನರ್‌ಗೆ ಕರಗಿತು ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ, ಅರಗಾಗಿದ್ದರೆ ಬರೀ ಸ್ಪಿರಿಟ್‌ಗೇ ಕರಗುತ್ತಿತ್ತು, ಪಾಲಿಯೆಸ್ಟರ್ ಬಣ್ಣ ಆಗಿದ್ದರೆ ಎರಡಕ್ಕೂ ಅಲ್ಲಾಡುತ್ತಿರಲಿಲ್ಲ. ಈ ಒಂದು ಪರೀಕ್ಷೆ ಮಾಡದೆ ಯಾರಾದರೂ ನಿಮ್ಮ ಗಿಟಾರ್‌ಗೆ ಕೈ ಹಚ್ಚಿದರೆ ಬೇಡ ಅನ್ನಿ.

ಡುಕೋ ಅನ್ನುವ ಮಾತಿನ ಬಗ್ಗೆ ಹೇಳಲೇಬೇಕು. ನಮ್ಮ ಬಡಗಿಗಳು ಸ್ಪ್ರೇ ಬಣ್ಣಕ್ಕೆಲ್ಲ ಡುಕೋ ಅನ್ನುತ್ತಾರೆ. ಅದು ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗೆ ತಂದ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು. 1954ರಲ್ಲಿ ಸ್ಟ್ರಾಟೋಕಾಸ್ಟರ್ ಹೊರತಂದ ಫೆಂಡರ್ ಕಂಪನಿ ಮುಂದೆ ಬಣ್ಣಬಣ್ಣದ ಗಿಟಾರ್ ಮಾಡುವಾಗ ಬಳಸಿದ್ದೂ ಇದೇ ಡ್ಯುಪಾಂಟ್‌ನ ಕಾರು ಬಣ್ಣಗಳನ್ನು. ಅವರ ಹೆಸರುವಾಸಿ ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ. ಇದನ್ನು ಮಿಸ್ತ್ರಿಗೆ ಹೇಳಿದಾಗ ಅವರಿಗೆ ಭಾಳ ಖುಷಿಯಾಯಿತು. ಇಷ್ಟು ವರ್ಷ ಬಾಯಲ್ಲಿದ್ದ ಮಾತು ನೇರ ಆ ಗಿಟಾರ್‌ಗಳ ದೇಶದಿಂದಲೇ ಬಂದಿತ್ತು ಅಲ್ವಾ.

ಕಪ್ಪು ಪದರ ಮಾತ್ರ ಎನಾಮಲ್, ಗೇಟು, ಕಿಟಕಿಗೆ ಬಳಿಯುವ ಎಣ್ಣೆ ಬಣ್ಣ. ಕೆಂಪಿನ ಮೇಲೆ ಯಾರೋ ಬ್ರಷ್ ಹೊಡೆದಿದ್ದು. ಡುಕೋ ಮೇಲೆ ಎನಾಮಲ್ ಕೂರುತ್ತದೆ, ಎನಾಮಲ್ ಮೇಲೆ ಡುಕೋ ಹೊಡೆದಿದ್ದರೆ ಅವತ್ತೇ ಸುಕ್ಕುಗಟ್ಟುತ್ತಿತ್ತು ಅಂತ ಅವರು ವಿವರಿಸಿದರು. ಇಲ್ಲಿ ಒಂದು ಎಚ್ಚರಿಕೆ. ಹಳೆ ಎನಾಮಲ್‌ನಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅಂದಮೇಲೆ 1984ಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಸರಿಯಲ್ಲ. ಮಿಸ್ತ್ರಿಗೆ ಈ ಪಿಪಿಎಂ ಲೆಕ್ಕ ಗೊತ್ತಿಲ್ಲ. ಆದರೆ ಹಳೆ ಬಣ್ಣದ ಧೂಳು ಹೊಟ್ಟೆಗೆ ಹೋಗಬಾರದು ಅಂತ ಅವರ ಗುರು ಹೇಳಿದ್ದರಂತೆ. ಅವರ ಅಂಗಡಿಯಲ್ಲಿ ಬಣ್ಣ ತೆಗೆಯುವುದು ಹಸಿಯಾಗಿಯೇ, ರಿಮೂವರ್ ಹಚ್ಚಿ, ಹೊರಗೆ ಕಟ್ಟೆಯ ಮೇಲೆ ಕೂತು. ಮನೆಯಲ್ಲಿ ಮಾಡುವವರು ರಿಮೂವರ್ ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್‌ಗಳನ್ನು ಜನರಿಗೆ ಮಾರುವುದನ್ನು ಅಮೆರಿಕದಲ್ಲಿ 2019ರಲ್ಲೇ ನಿಲ್ಲಿಸಿದ್ದಾರೆ, ಮುಚ್ಚಿದ ಕೋಣೆಯಲ್ಲಿ ಅದರ ಹೊಗೆಗೆ ಜೀವ ಹೋದದ್ದಿದೆ. ದಪ್ಪ ಗ್ಲೌಸ್ ಹಾಕಿ, ಬಯಲಲ್ಲಿ ಕೂತು ಮಾಡಿ.

ಬಣ್ಣ ಎದ್ದಿದ್ದು ನೋಡಬೇಕಿತ್ತು. ರಿಮೂವರ್ ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಪ್ಪತ್ತು ನಿಮಿಷ ಬಿಟ್ಟೆವು. ಹಾಳೆ ಎತ್ತಿದಾಗ ಕಪ್ಪು ಬಣ್ಣ ಹಾಲಿನ ಕೆನೆ ಸುಕ್ಕಾದ ಹಾಗೆ ಎದ್ದು ನಿಂತಿತ್ತು. ಮಿಸ್ತ್ರಿ ಲೋಹದ ಪಟ್ಟಿ ಕೊಡಲಿಲ್ಲ, ಬಿದಿರಿನ ಸೀಳನ್ನು ಚಪ್ಪಟೆಯಾಗಿ ಕೆತ್ತಿ ಕೊಟ್ಟರು. ಮರಕ್ಕೆ ಗೀರು ಬೀಳಬಾರದು ಅಂತ. ಅದರಿಂದ ತಳ್ಳಿದರೆ ಕಪ್ಪು ಸುರುಳಿ ಸುತ್ತಿಕೊಂಡು ಬಂತು, ಕೆಳಗೆ ಕೆಂಪು ಹೊಳೆಯಿತು. ಒಂದು ಕ್ಷಣ ಕೆಂಪನ್ನೇ ಉಳಿಸಿಕೊಳ್ಳೋಣ ಅನ್ನಿಸಿತು. ಆದರೆ ಅದು ಎಲ್ಲ ಕಡೆ ಬಿರುಕು ಬಿಟ್ಟಿತ್ತು, ರಿಮೂವರ್‌ಗೆ ಅದೂ ಮೆತ್ತಗಾಗಿತ್ತು. ಎರಡನೇ ರವಿವಾರಕ್ಕೆ ಕೆಂಪೂ ಹೋಯಿತು, ಅದರ ಕೆಳಗಿನ ಹಳದಿ ಪುಟ್ಟಿಯೂ ಹೋಯಿತು, ಮರ ಬಂತು. ತುನ್ ಮರ, ಮೂರು ತುಂಡು ಜೋಡಿಸಿದ್ದು. ಸಿತಾರ್ ದಂಡಿಗೆ ಹಾಕುವ ಮರ ಇದೇ ನೋಡ್ರಿ ಅಂತ ಮಿಸ್ತ್ರಿ ಅದರ ಎಳೆ ತೋರಿಸಿದರು.

ಉಜ್ಜುವುದರಲ್ಲಿ ಎರಡು ವಾರ ಹೋಯಿತು. ಅದು ಬೇಸರದ ಕೆಲಸ, ಜಾಸ್ತಿ ಹೇಳುವುದಿಲ್ಲ. 120 ನಂಬರಿನ ಉಪ್ಪು ಕಾಗದದಿಂದ (ಸ್ಯಾಂಡ್ ಪೇಪರ್) ಶುರು, ಆಮೇಲೆ 180, 220. ಕಾಗದವನ್ನು ಬರಿಗೈಯಲ್ಲಿ ಹಿಡಿಯಬಾರದು, ಮರದ ತುಂಡಿಗೆ ಸುತ್ತಿ ಎಳೆಯ ಉದ್ದಕ್ಕೆ ಮಾತ್ರ ಉಜ್ಜಬೇಕು. ನೆಕ್ ಕೂರುವ ಗುಂಡಿಯೊಳಗೆ ಕಾಗದ ತಾಗಿಸಲೇಬಾರದು, ಅಲ್ಲಿ ಸ್ವಲ್ಪ ಸವೆದರೂ ನೆಕ್ ಸಡಿಲ. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದ ನಾರುಗಳನ್ನು 320ರಿಂದ ಹಗುರವಾಗಿ ತೆಗೆಯಬೇಕು.

ಈ ಹಂತದಲ್ಲೇ ನನಗೆ ಮಿಸ್ತ್ರಿಯ ಮೇಲೆ ಪೂರ್ತಿ ನಂಬಿಕೆ ಬಂದಿದ್ದು. ಬೆನ್ನಿನ ಮೇಲೆ ಹನ್ನೊಂದು ವರ್ಷದ ಬೆಲ್ಟಿನ ಬಕಲ್ ಗೀರಿ ಗೀರಿ ಒಂದು ಅಂಗೈಯಷ್ಟು ಜಾಗ ಹುಣ್ಣಾದ ಹಾಗೆ ಆಗಿತ್ತು. ನಾನು ಅದನ್ನೂ ಉಜ್ಜಲು ಹೊರಟೆ. ಅವರು ಕೈ ಹಿಡಿದರು. "ಈ ಗೀರು ಬೇಕೋ ಬ್ಯಾಡೋ? ಇದು ಹೋಗಬೇಕಂದ್ರ ಎರಡು ನೂಲು ಮರ ತಗೀಬೇಕು. ಮರ ಹೋದ್ರ ಬರೂದಿಲ್ಲ. ನಿಮ್ಮ ಕಾಕಾನ್ನ ಕೇಳಿ ಬರ್ರಿ." ಅಲ್ಲೇ ನಿಂತು ಫೋನ್ ಮಾಡಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಇರಲಿ ಬಿಡು ಅಂದರು. ಮೇಲಿನ ಹಗುರ ಗೀರು ಹೋದವು, ಆಳದವು ಉಳಿದವು. ಗಿರಾಕಿಯ ಸಾಮಾನಿನಲ್ಲಿ ಏನು ತೆಗೆಯಬೇಕು, ಏನು ಉಳಿಸಬೇಕು ಅಂತ ಕೇಳುವ ಕೆಲಸಗಾರರು ಎಷ್ಟು ಜನ ಸಿಗುತ್ತಾರೆ?

ಮರದ ರಂಧ್ರ ತುಂಬಲು ರೆಡಿಮೇಡ್ ಪುಟ್ಟಿ ಬಳಸಲಿಲ್ಲ. ಖಡಿ ಪುಡಿಗೆ ಸ್ವಲ್ಪ ಕಾವಿ, ಅದಕ್ಕೆ ತೆಳು ಅರಗಿನ ನೀರು ಕಲೆಸಿ ಗೋಣಿ ತುಂಡಿನಿಂದ ಎಳೆಗೆ ಅಡ್ಡವಾಗಿ ತಿಕ್ಕಿದೆವು.

ಇನ್ನು ಅರಗು. ಇದಕ್ಕಾಗಿಯೇ ಅಲ್ಲಿಗೆ ಹೋಗಬೇಕು. ಮುತ್ತುಗ, ಬೋರೆ, ಕುಸುಮ ಮರಗಳ ಟೊಂಗೆಯ ಮೇಲೆ ಅರಗಿನ ಹುಳು ಕಟ್ಟುವ ಗೂಡಿನಿಂದ ಬರುವ ವಸ್ತು ಇದು. ಹಳೆ 78 ಆರ್‌ಪಿಎಂ ರೆಕಾರ್ಡ್‌ಗಳನ್ನು ಒತ್ತುತ್ತಿದ್ದದ್ದೂ ಇದೇ ಅರಗಿನಿಂದ. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಹುಡುಗರಿದ್ದಾಗ ರೆಕಾರ್ಡ್ ಕೇಳಿ ಅದನ್ನು ಹಾಗೇ ಹಾಡಿ ತೋರಿಸುತ್ತಿದ್ದರು ಅನ್ನುತ್ತಾರಲ್ಲ, ಆ ಕಾಲದ ರೆಕಾರ್ಡ್‌ಗಳು ಇವೇ. ಎಲೆಕ್ಟ್ರಿಕ್ ಗಿಟಾರ್‌ಗೆ ಅರಗು ಹಾಕುವವರು ಕಡಿಮೆ, ಆದರೆ ಒಳ್ಳೆಯ ಕ್ಲಾಸಿಕಲ್ ಗಿಟಾರ್‌ಗಳಿಗೆ ಇವತ್ತಿಗೂ ಇದನ್ನೇ ಹಚ್ಚುತ್ತಾರೆ.

ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ, ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸುವುದು. ಕಲೆಸಿಟ್ಟು ತಿಂಗಳುಗಟ್ಟಲೆ ಆದ ಪಾಲಿಶ್ ಸರಿಯಾಗಿ ಒಣಗುವುದಿಲ್ಲ, ಜಿಗಿಜಿಗಿ ಅನ್ನುತ್ತದೆ, ಹಾಗಾಗಿ ಅವರು ಬೇಕಾದಷ್ಟೇ ಕಲೆಸುತ್ತಾರೆ. ಹತ್ತಿಯನ್ನು ನಿಂಬೆ ಹಣ್ಣಿನಷ್ಟು ಉಂಡೆ ಮಾಡಿ, ತೊಳೆದು ತೊಳೆದು ಮೆತ್ತಗಾದ ಹಳೆ ಧೋತರದ ತುಂಡಿನಲ್ಲಿ ಗಂಟು ಕಟ್ಟುತ್ತಾರೆ. ಅರಗನ್ನು ಒಳಗಿನ ಹತ್ತಿಗೆ ಹಾಕಬೇಕು, ಬಟ್ಟೆಯ ಮೂಲಕ ಒಸರಬೇಕು. ಗಂಟಿನ ಮುಖಕ್ಕೆ ಬೆರಳ ತುದಿಯಿಂದ ಒಂದೇ ಹನಿ ಅಗಸಿ ಎಣ್ಣೆ, ನಾವು ಚಟ್ನಿ ಪುಡಿ ಮಾಡುವ ಅದೇ ಅಗಸಿಯದು. ಎಣ್ಣೆ ಇಲ್ಲದಿದ್ದರೆ ಗಂಟು ಹಿಡಿದುಕೊಳ್ಳುತ್ತದೆ. ಆಮೇಲೆ ಕೈ ಓಡಬೇಕು, ಮೊದಲು ಸಣ್ಣ ಸುತ್ತು, ಆಮೇಲೆ ಇಂಗ್ಲಿಷಿನ ಎಂಟರ ಆಕಾರ. ವಿಮಾನ ಇಳಿದ ಹಾಗೆ ಬದಿಯಿಂದ ಇಳಿದು ಬದಿಯಿಂದಲೇ ಹಾರಬೇಕು. ಮಿಸ್ತ್ರಿಯ ಕೈ ಹೋದ ಹಿಂದೆ ಮರದ ಮೇಲೆ ಒಂದು ಮಬ್ಬು ಕಾಣುತ್ತದೆ, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ, ಎರಡು ಸೆಕೆಂಡಿನಲ್ಲಿ ಅದು ಮಾಯವಾಗುತ್ತದೆ. ಆ ಮಬ್ಬು ಬಂದರೆ ಕೈ ಸರಿ ಇದೆ ಅಂತ ಅರ್ಥ. ನನ್ನ ಕೈ ಹಿಂದೆ ಅದು ಬರಲು ಮೂರು ವಾರ ಬೇಕಾಯಿತು. ಮೊದಲ ವಾರ ಒಂದು ಸಲ ನಡುವೆ ಕೈ ನಿಲ್ಲಿಸಿದೆ, ಬಟ್ಟೆಯ ನೇಯ್ಗೆ ಹಾಗೇ ಅಚ್ಚೊತ್ತಿತು. ಮಿಸ್ತ್ರಿ ಗದರಲಿಲ್ಲ. ಅರಗಿನ ಗುಣವೇ ಅದು, ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿ ಒಳಗೆ ಸೇರಿಕೊಳ್ಳುತ್ತದೆ, ಆ ಗುರುತು ಮಾರನೇ ದಿನ ಒಂದಾಗಿ ಹೋಯಿತು. ಹತ್ತು ವರ್ಷ ಬಿಟ್ಟು ಗೀರು ಬಿದ್ದರೂ ಅಲ್ಲಷ್ಟೇ ಸರಿ ಮಾಡಬಹುದು.

ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಶಾಖ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು. ಅವರು ಬಿಚ್ಚಿ ಹಗ್ಗಕ್ಕೆ ಹಾಕುತ್ತಾರೆ.

ಮೇ ತಿಂಗಳಲ್ಲಿ ಒಂದು ತೊಂದರೆಯಾಯಿತು, ಅದು ನನ್ನ ತಪ್ಪು. ಕೃತ್ತಿಕಾ ಮಳೆ ಬಂದು ಗಾಳಿಯೆಲ್ಲ ತಂಪಾದ ಸಂಜೆ, ಕೊನೆಯ ಪದರ ತಾನೇ ಅಂತ ಮನೆಯಲ್ಲಿ ಹಚ್ಚಿಬಿಟ್ಟೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಬೂದಿ ಬಳಿದ ಹಾಗೆ ಬಿಳಿ. ಸ್ಪಿರಿಟ್ ಆರುವಾಗ ಮೇಲ್ಮೈ ತಂಪಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ, ಅದಕ್ಕೇ ಹಾಗೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಓಡಿದೆ. ಮಿಸ್ತ್ರಿ ಬಿಸಿಲು ಏರುವವರೆಗೆ ಕಾಯಿಸಿ, ಗಂಟಿಗೆ ಬರೀ ಸ್ಪಿರಿಟ್‌ನ ಪಸೆ ಹಿಡಿಸಿ ನಾಲ್ಕು ಸಲ ಗಾಳಿಯ ಹಾಗೆ ಸವರಿದರು. ಬಿಳಿ ಹೋಯಿತು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ.

ಕೊರತೆಗಳೂ ಇವೆ. ಅಂಗಡಿಯಲ್ಲಿ ಧೂಳು ಜಾಸ್ತಿ, ಪಕ್ಕದಲ್ಲೇ ಕಪಾಟು ಉಜ್ಜುತ್ತಿರುತ್ತಾರೆ, ಕೊನೆಯ ಪದರಗಳನ್ನು ಮನೆಯಲ್ಲೇ ಹಚ್ಚಬೇಕಾಗಿದ್ದು ಅದಕ್ಕೆ. ಫೋನ್ ಎತ್ತುವುದಿಲ್ಲ. ಎರಡು ರವಿವಾರ ಹೋಗಿ ಬಾಗಿಲು ಹಾಕಿದ್ದು ನೋಡಿ ವಾಪಸ್ ಬಂದಿದ್ದೇನೆ, ಹೇಳಿದ್ದರೆ ಚೆನ್ನಾಗಿತ್ತು. ಮೆಟಾಲಿಕ್ ಬಣ್ಣ, ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢ ಬಣ್ಣ) ಇಂಥದ್ದು ಅವರ ಕೆಲಸ ಅಲ್ಲ. ವೈರಿಂಗ್ ಮುಟ್ಟುವುದಿಲ್ಲ. ಪಿಕಪ್ ಗೂಡಿಗೆ ತಾಮ್ರದ ಟೇಪು, ಹೊಸ ಪಾಟ್ (ದನಿ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿಯ ಭಾಗ), ಜ್ಯಾಕ್ ಎಲ್ಲ ನಾನು ಬೇರೆ ಕಡೆ ಮಾಡಿಸಿದೆ, 1,200 ರೂಪಾಯಿ ಆಯಿತು. ಮಿಸ್ತ್ರಿಗೆ 3,500 ಬಿಟ್ಟು ರಿಮೂವರ್, ಥಿನ್ನರ್, ಕಾಗದ, ಅರಗು, ಸ್ಪಿರಿಟ್‌ಗೆ 1,900 ಹೋಯಿತು.

ದನಿ ಬದಲಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಕಿವಿಗೆ ಬಣ್ಣದಿಂದ ಏನೂ ಬದಲಾಗಿಲ್ಲ. ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ತಾಮ್ರದ ಟೇಪಿನಿಂದ ಗುಂಯ್ ಅನ್ನುವ ಸದ್ದು ಕಡಿಮೆಯಾಗಿದೆ, ಅಷ್ಟೇ. ಬದಲಾಗಿದ್ದು ಕೈಗೆ ಸಿಗುವ ಸ್ಪರ್ಶ. ದಪ್ಪ ಎನಾಮಲ್ ಇದ್ದಾಗ ಬೆವರಿದ ಕೈ ಅಂಟುತ್ತಿತ್ತು, ಈಗ ಜಾರುತ್ತದೆ. ಬಣ್ಣ ನಮ್ಮ ಕುಂದಾದ್ದು, ಚೆನ್ನಾಗಿ ಕಾಸಿದ ಕುಂದಾ, ಬಿಸಿಲಿಗೆ ಹಿಡಿದರೆ ಒಳಗಿನಿಂದ ಕೆಂಪು ಹೊಳೆಯುತ್ತದೆ. ಕೊನೆಯ ಪದರ ಆದ ಮೇಲೆ ಒಂದು ತಿಂಗಳು ಮೊಳೆಗೆ ನೇತುಹಾಕಿ ಬಿಟ್ಟು, ಆಮೇಲೆ 2000ದ ಕಾಗದಕ್ಕೆ ಎಣ್ಣೆ ಹಚ್ಚಿ ಹಗುರವಾಗಿ ಎಳೆದು, ಜೂನ್ ಕೊನೆಗೆ ಜೋಡಿಸಿದೆ. ಕಾಕಾ ತಗೊಂಡ ಕೂಡಲೇ ತಿರುಗಿಸಿ ಬೆನ್ನು ನೋಡಿದರು, ಬಕಲ್ ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು, ಆಮೇಲೆ ಶ್ರುತಿ ಮಾಡಲು ಕೂತರು.

ಯಾರು ಹೋಗಬೇಡಿ ಅಂದರೆ, ಈಗಿನ ಕಾರ್ಖಾನೆ ಗಿಟಾರ್ ಇರುವವರು. ಅವಕ್ಕೆ ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಇರುತ್ತದೆ, ಗಾಜಿನ ಹಾಗೆ ಗಟ್ಟಿ, ಹೀಟ್ ಗನ್ ಹಚ್ಚಿ ಎಬ್ಬಿಸಬೇಕು, ಮರ ಸುಡುವ ಭಯ. ಮಿಸ್ತ್ರಿ ಅದನ್ನು ಒಪ್ಪುವುದಿಲ್ಲ. ಬೇಗ ಬೇಕು ಅನ್ನುವವರು, ಕಾರ್ಯಕ್ರಮಗಳಲ್ಲಿ ದಿನಾ ಬೆವರು ಸುರಿಸಿ ಬಾರಿಸುವವರೂ ಯೋಚಿಸಿ, ಅರಗಿಗೆ ನೀರು, ಬೆವರು, ಮದ್ಯ ಆಗಿಬರುವುದಿಲ್ಲ, ಬಾರಿಸಿದ ಮೇಲೆ ಒರೆಸಿಡಲೇಬೇಕು. ಮನೆಯಲ್ಲಿ ಹಳೆ ಗಿಟಾರ್, ಮ್ಯಾಂಡೊಲಿನ್, ಹಾರ್ಮೋನಿಯಂ ಪೆಟ್ಟಿಗೆ ಇದ್ದವರು, ಕೈ ನೋಯಿಸಿಕೊಳ್ಳಲು ತಯಾರಿದ್ದವರು ಖಂಡಿತ ಹೋಗಿ. ಮೃಗಶಿರಾ ಮಳೆ ಹಿಡಿಯಿತು ಅಂದರೆ ಅವರು ಅರಗಿನ ಡಬ್ಬಿ ಮುಚ್ಚಿಡುತ್ತಾರೆ, ದೀಪಾವಳಿ ಆದ ಮೇಲೆ ಬರ್ರಿ ಅನ್ನುತ್ತಾರೆ. ರವಿವಾರ ಹತ್ತು ಗಂಟೆಗೆ ಮೊದಲು ಹೋದರೆ ಸಿಗುತ್ತಾರೆ. ಹಳೆ ಧೋತರ ಇದ್ದರೆ ಒಂದು ತುಂಡು ಒಯ್ಯಿರಿ, ಹೊಸ ಬಟ್ಟೆ ನಡೆಯುವುದಿಲ್ಲ.